‘ರೇಸ್ ಕಂಡೀಷನ್’ಗೆ ‘ಪಾಳಿಗೇಡು’ ಒಪ್ಪುತ್ತದೆಯೇ?

ಬಲ್ಲವರಿಗೆ ನಮಸ್ಕಾರ.

ಶಿರಸಿಯ ಒಂದು ಅಡಿಕೆ ಮಂಡಿಯ ಲೆಕ್ಕದ ತಂತ್ರಾಂಶವನ್ನು ನೋಡಿಕೊಳ್ಳುವುದು ನನ್ನ ಕೆಲಸ. ಒಂದೇ ಪ್ರೊಸೆಸರಿನ ಹಳೆಯ ಕಂಪ್ಯೂಟರಿನಲ್ಲಿ ವರ್ಷಗಟ್ಟಲೆ ತಕರಾರಿಲ್ಲದೆ ನಡೆದದ್ದು, ನಾಲ್ಕು ಕೋರಿನ (ಒಂದೊಂದು ಕೋರೂ ಒಂದೊಂದು ಪ್ರೊಸೆಸರ್ ಇದ್ದ ಹಾಗೆ) ಹೊಸ ಯಂತ್ರಕ್ಕೆ ಬಂದ ಮೇಲೆ ವಾರಕ್ಕೆರಡು ಸಲ ಬೀಳತೊಡಗಿತು. ವಿಂಡೋಸಿನ ಟಾಸ್ಕ್ ಮ್ಯಾನೇಜರಿನಲ್ಲಿ, ತಂತ್ರಾಂಶ ಯಾವ ಕೋರುಗಳಲ್ಲಿ ಓಡಬೇಕೆಂದು ಗೊತ್ತುಮಾಡುವ ‘ಅಫಿನಿಟಿ’ಯಲ್ಲಿ ಮೂರು ಗುರುತು ತೆಗೆದು ಅದನ್ನು ಒಂದೇ ಪ್ರೊಸೆಸರಿಗೆ ಕಟ್ಟಿದೆ. ತಿಂಗಳಿಡೀ ಬೀಳಲಿಲ್ಲ. ಆದರೆ ತಂತ್ರಾಂಶ ಮುಚ್ಚಿದೊಡನೆ ಆ ಕಟ್ಟು ಬಿಚ್ಚಿಹೋಗುತ್ತದೆ. ತೆರೆದಾಗಲೆಲ್ಲ ಹೊಸದಾಗಿ ಕಟ್ಟಬೇಕು.

ಇದನ್ನು ಗುಮಾಸ್ತರಿಗೆ ಕನ್ನಡದಲ್ಲಿ ಬರೆದುಕೊಡಲು ಕುಳಿತೆ. ಅಫಿನಿಟಿಗೆ ‘ಗೂಟಕ್ಕೆ ಕಟ್ಟುವುದು’ ಎಂದೆ. ನಕ್ಕರು, ಆದರೆ ಎರಡನೆಯ ಸಲ ಕೇಳಲಿಲ್ಲ. ಕ್ರ್ಯಾಶ್‌ಗೆ ‘ಪತನ’ ಎಂದರೆ ವಿಮಾನ ಕಣ್ಣಿಗೆ ಬರುತ್ತದೆ, ‘ಬೀಳುವುದು’ ಸಾಕು. ಕೈ ತಡೆದದ್ದು ‘ರೇಸ್ ಕಂಡೀಷನ್’ ಬಂದಾಗ: ತಂತ್ರಾಂಶದ ಎರಡು ಕೆಲಸಗಳು ಸರದಿಯಿಲ್ಲದೆ ಒಂದೇ ಮಾಹಿತಿಗೆ ಕೈಹಾಕಿ ಅದನ್ನು ಕೆಡಿಸುವ ದೋಷ ಅದು.

ಒಬ್ಬ ಬೆಳೆಗಾರರ ಖಾತೆಯಲ್ಲಿ 40 ಚೀಲ ಇದೆ ಎನ್ನಿ. ಇಬ್ಬರು ಗುಮಾಸ್ತರು ಒಂದೇ ಗಳಿಗೆಯಲ್ಲಿ ಆ 40ನ್ನು ಓದಿಕೊಳ್ಳುತ್ತಾರೆ. ಒಬ್ಬರು 3 ಕೂಡಿಸಿ 43 ಬರೆಯುತ್ತಾರೆ, ಇನ್ನೊಬ್ಬರು 2 ಕೂಡಿಸಿ ಅದರ ಮೇಲೆಯೇ 42 ಬರೆಯುತ್ತಾರೆ. ಆಗಬೇಕಿದ್ದದ್ದು 45. ಇಬ್ಬರ ಕೂಡಿಕೆಯೂ ಸರಿ, ಮೂರು ಚೀಲ ಮಾತ್ರ ಮಾಯ! ತಂತ್ರಾಂಶದೊಳಗೆ ಹೀಗೆ ಕೆಟ್ಟದ್ದು ಮೆಮೊರಿಯ ವಿಳಾಸವಾದರೆ, ಇಲ್ಲದ ಜಾಗಕ್ಕೆ ಕೈಹಾಕಿ ಅದು ಬೀಳುತ್ತದೆ. ಒಂದೇ ಪ್ರೊಸೆಸರ್ ಇದ್ದಾಗಲೂ ಓದುವುದಕ್ಕೂ ಬರೆಯುವುದಕ್ಕೂ ನಡುವೆ ಇನ್ನೊಂದು ಕೆಲಸ ನುಸುಳಬಹುದು, ಅಪರೂಪಕ್ಕೆ. ದೋಷ ಹಳೆಯದೇ, ನಾಲ್ಕು ಕೋರು ಬಂದು ಅದನ್ನು ಹೊರಗೆಳೆದವು.

ಇದಕ್ಕೆ ‘ಸ್ಪರ್ಧಾಸ್ಥಿತಿ’ ಎನ್ನಲು ಮನಸ್ಸು ಒಪ್ಪುತ್ತಿಲ್ಲ. ಸ್ಪರ್ಧೆ, ಪೈಪೋಟಿ, ಮೇಲಾಟ ಎಲ್ಲಕ್ಕೂ ಎದುರಾಳಿ ಬೇಕು. ಇಲ್ಲಿ ಒಂದಕ್ಕೆ ಇನ್ನೊಂದು ಇರುವುದೇ ಗೊತ್ತಿಲ್ಲ. ಕಾರವಾರದ ಗೆಳೆಯರೊಬ್ಬರು ‘ಕಗ್ಗಂಟು’ ಎಂದರು. ಅದನ್ನು ‘ಡೆಡ್‌ಲಾಕ್’ಗೆ ಎತ್ತಿಟ್ಟಿದ್ದೇನೆ: ದೇವಿಮನೆ ಘಾಟಿಯ ತಿರುವಿನಲ್ಲಿ ಬಸ್ಸು, ಲಾರಿ ಮುಖಾಮುಖಿಯಾಗಿ, ನೀನು ಹಿಂದೆ ಸರಿ ಎಂದು ಎರಡೂ ಕಾದು ನಿಂತ ಹಾಗೆ.

ನನಗೆ ತೋಚಿದ್ದು ‘ಪಾಳಿಗೇಡು’. ತೋಟಕ್ಕೆ ನೀರು ಬಿಡಲು ಪಾಳಿ ಇರುವ ಹಾಗೆ ಮೆಮೊರಿಗೂ ಪಾಳಿ ಇರಬೇಕಿತ್ತು, ಇರಲಿಲ್ಲ, ಕೆಟ್ಟಿತು. ಮರ್ಯಾದೆಗೇಡು, ನಾಚಿಕೆಗೇಡುಗಳ ಸಾಲಿಗೆ ಸೇರಿದರೆ ಬೈಗುಳದ ವಾಸನೆ ಬರುತ್ತದೆ ಎಂದು ಮನೆಯಲ್ಲಿಯೇ ಆಕ್ಷೇಪ ಬಂತು. ಬರಲಿ ಎನ್ನುತ್ತೇನೆ. 1986ರಲ್ಲಿ ಅಮೆರಿಕದಲ್ಲಿ ಥೆರಾಕ್-25 ಎಂಬ ವಿಕಿರಣ ಚಿಕಿತ್ಸೆಯ ಯಂತ್ರದ ಮುಂದೆ ಕುಳಿತವರು ತಪ್ಪೊತ್ತಿದ್ದನ್ನು ಬೇಗನೆ ತಿದ್ದಿದರು, ಅಷ್ಟೇ. ಇದೇ ಬಗೆಯ ದೋಷದಿಂದ ರೋಗಿಗಳ ಮೈಮೇಲೆ ಮಿತಿಮೀರಿದ ವಿಕಿರಣ ಬಿತ್ತು. ಒತ್ತಿದವರದಲ್ಲ ತಪ್ಪು, ಪಾಳಿ ಗೊತ್ತುಮಾಡದೆ ತಂತ್ರಾಂಶ ಬರೆದವರದು.

ಒಂದೇ ಅಳುಕು. ಮೈಸೂರು ಕಡೆಯವರಿಗೆ ‘ಪಾಳಿ’ ಎಂದೊಡನೆ ಕಾರ್ಖಾನೆಯ ಶಿಫ್ಟ್ ಮಾತ್ರ ನೆನಪಾಗುತ್ತದೆಯೇ? ಹಾಗಿದ್ದರೆ ‘ಸರದಿಗೇಡು’ ಎಂದು ತಿದ್ದುತ್ತೇನೆ, ತಿಳಿಸಿ.