ಮನೋವೈದ್ಯರನ್ನು ಕೇಳಿ: ಕಾರ್ಡು, ವಿಮೆ, ಮಾತ್ರೆ ಖರ್ಚು

ಶರಾವತಿ ತೀರ: ಡಾಕ್ಟ್ರೇ, ಆಯುಷ್ಮಾನ್ ಕಾರ್ಡಿನಲ್ಲಿ ಖಿನ್ನತೆ ಮಾತ್ರೆ ಸಿಗುತ್ತಾ?

ಡಾಕ್ಟರ್: ಇಲ್ಲ. ವರ್ಷಕ್ಕೆ ಮನೆಗೆ 5 ಲಕ್ಷ ಅನ್ನುವುದೆಲ್ಲ ಅಡ್ಮಿಟ್ ಆದವರಿಗೆ. ಚೀಟಿ ಮಾಡಿಸಿ ಮಾತ್ರೆ ತಗೊಂಡು ಮನೆಗೆ ಹೋಗುವವರಿಗಲ್ಲ. ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕಿಗೆ ಹೋಗಿ, ಅಲ್ಲಿ ಉಚಿತ.

ಹೊಸನಗರ: ಅಮ್ಮನಿಗೆ ಬೈಪೋಲಾರ್ (ಮನಸ್ಸು ಒಮ್ಮೆ ಉಬ್ಬಿ ಒಮ್ಮೆ ಕುಗ್ಗುವ ಕಾಯಿಲೆ), 6 ವರ್ಷದಿಂದ ಅದಕ್ಕೆ ಲಿಥಿಯಂ ಮಾತ್ರೆ. ಕೊಳೆ ರೋಗ ಬಂದು ಅಡಿಕೆ ಹೋಯಿತು, ಖರ್ಚಿಗೆ ಹೆದರಿ ಒಂದು ವರ್ಷದಿಂದ ರಕ್ತ ಪರೀಕ್ಷೆ ಮಾಡಿಸಿಲ್ಲ. ಈಗ ಮೂರು ದಿನದಿಂದ ಭೇದಿ, ಮಂಡಿ ನೋವಿಗೆ ಅಂಗಡಿಯ ಮಾತ್ರೆ ಬೇರೆ. ಬೆಳಿಗ್ಗೆ ಕೈ ನಡುಗಿ ಅರ್ಧ ಲೋಟ ಕಾಫಿ ಸೀರೆ ಮೇಲೆ ಚೆಲ್ಲಿಕೊಂಡರು. ಮಂಗಳವಾರದವರೆಗೆ ಕಾಯಬಹುದಾ?

ಡಾಕ್ಟರ್: ಕಾಯಬೇಡಿ. ಈಗಲೇ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆತನ್ನಿ. ಲಿಥಿಯಂ, ನೋವಿನ ಮಾತ್ರೆ ಎರಡನ್ನೂ ಈಗ ಕೊಡಬೇಡಿ, ಮುಂದಿನದು ಅಲ್ಲಿಯವರು ಹೇಳುತ್ತಾರೆ. ಎರಡರ ಶೀಟೂ ಕೈಯಲ್ಲಿರಲಿ. ಭೇದಿಯಲ್ಲಿ ನೀರು, ಉಪ್ಪು ಹೋದರೆ ಲಿಥಿಯಂ ರಕ್ತದಲ್ಲೇ ಉಳಿದು ವಿಷವಾಗುವಷ್ಟು ಏರಬಹುದು, ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳು ಅದನ್ನು ಇನ್ನೂ ಏರಿಸುತ್ತವೆ. ನಡಿಗೆ ತೂರಾಡುತ್ತಿದೆಯಾ, ಮಾತು ತೊದಲುತ್ತಿದೆಯಾ ನೋಡಿ. ರಕ್ತದಲ್ಲಿ ಲಿಥಿಯಂ ಮಟ್ಟ, ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಎರಡನ್ನೂ ನೋಡಬೇಕು ಅಂತ ನೀವೇ ಕೇಳಿ. ನನಗೆ ಸಿಟ್ಟು ಬರುವುದು ಇಲ್ಲೇ: ಮನೆಯಿಂದ ಬಂದು ರಕ್ತ ಕೊಟ್ಟು ಹೋಗುವ ಪರೀಕ್ಷೆಗೆ ಕಾರ್ಡು ದುಡ್ಡು ಕೊಡಲ್ಲ, ಕಿಡ್ನಿ ಕೆಟ್ಟು ಮಲಗಿದ ಮೇಲೆ ಕೊಡುತ್ತೆ.

ತೋಟದ ಮನೆ: ಒಂದೆಲಗದ ರಸ 21 ದಿನ ಕುಡಿದರೆ ಇಂಗ್ಲಿಷ್ ಮಾತ್ರೆಯೇ ಬೇಡ. ಫಾರ್ವರ್ಡ್ ಆಗಿ ಬಂದದ್ದು.

ಡಾಕ್ಟರ್: ತಂಬುಳಿ ಮಾಡಿ ಉಣ್ಣಿ. ಮಾತ್ರೆ ಬಿಡಿಸಬೇಡಿ. ಹೋದ ವಾರವೂ ಇದನ್ನೇ ಹಾಕಿದ್ರಿ.

ಸಾಗರ: ನನ್ನ ವಿಮೆ ಕಂಪನಿ ಮಾನಸಿಕ ಕಾಯಿಲೆ ಸೇರಲ್ಲ ಅಂತ ಕ್ಲೇಮು ವಾಪಸ್ ಕಳಿಸಿದೆ.

ಡಾಕ್ಟರ್: 2017ರ ಮಾನಸಿಕ ಆರೋಗ್ಯ ಕಾಯ್ದೆ, 21ನೇ ಕಲಂ. ಮೈಯ ಕಾಯಿಲೆಗೆ ಇರುವಂಥ ವಿಮೆ ಮನಸ್ಸಿನದಕ್ಕೂ ಇರಬೇಕು. ಬರವಣಿಗೆಯಲ್ಲಿ ದೂರು ಕೊಡಿ, ಒಪ್ಪದಿದ್ದರೆ ವಿಮಾ ಓಂಬುಡ್ಸ್‌ಮನ್ (ವಿಮೆ ದೂರು ಕೇಳುವ ಅಧಿಕಾರಿ).

ತೋಟದ ಮನೆ: ತೆರಿಗೆ ಕಟ್ಟೋರು ನಾವು. ಎಪಿಎಲ್ ಅಂದ್ರೆ ಆಯುಷ್ಮಾನ್ ಕಾರ್ಡಲ್ಲಿ ಪ್ಯಾಕೇಜಿನ (ಚಿಕಿತ್ಸೆಯ ನಿಗದಿ ದರದ) 30% ಅಷ್ಟೇ, ಉಳಿದವರಿಗೆ ಪೂರ್ತಿ!

ಸಾಗರ: ಬೆಂಕಿಪೊಟ್ಟಣ ಕೊಂಡರೂ ತೆರಿಗೆನೇ ಸ್ವಾಮಿ. ನಿಮ್ಮ ತೋಟದ ಆಳಿಗೆ ಹುಚ್ಚು ಹಿಡಿದರೆ ನೀವು ಕೊಡ್ತೀರಾ?

ತೋಟದ ಮನೆ: ಬಾಯಿ ಬಿಗಿ ಇರಲಿ.

ಸಾಗರ: ರಸ ಕುಡೀರಿ, ಸಮಾಧಾನ ಆಗುತ್ತೆ.

ಆಗುಂಬೆ: ಕೌನ್ಸೆಲಿಂಗ್‌ಗೆ ವಿಮೆ ಕೊಡುತ್ತಾ?

ಭದ್ರಾವತಿ: ಸರ್, ಕಾರ್ಡಲ್ಲಿ ಮಾತ್ರೆ ಸಿಗುತ್ತಾ?

ಡಾಕ್ಟರ್: ಮೇಲೆ ಓದಿ. ಹೊಸನಗರದವರೇ, ಹೊರಟಿರಾ?

ಶಿಕಾರಿಪುರ: ಕಾರ್ಡಲ್ಲಿ ನಿದ್ರೆ ಮಾತ್ರೆ?

ಡಾಕ್ಟರ್: ಇಲ್ಲ. ಇಲ್ಲ. ಹೊಸನಗರ?

ಹೊಸನಗರ: ಆಯನೂರು ದಾಟಿದ್ವಿ ಸರ್. ಮಾತು ತೊದಲ್ತಿದೆ.

ಡಾಕ್ಟರ್: ನೇರ ತುರ್ತು ವಿಭಾಗ. ಚೀಟಿ ಸಾಲಲ್ಲಿ ನಿಲ್ಲಬೇಡಿ.