ಸಣ್ಣ ಊರಿನ ವಾರಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಸಾಮಾನು ಮಾರಿದವರು ಇದ್ದೀರಾ? (ಕನ್ಸಾಸ್)

ಹೊರಟುನಿಂತವಳು:

ಎಲ್ಲರಿಗೂ ನಮಸ್ಕಾರ. ನಾವು ಪಶ್ಚಿಮ ಕನ್ಸಾಸ್‌ನ ಒಂದು ಸಣ್ಣ ಊರಿನಲ್ಲಿದ್ದೇವೆ. ಯಜಮಾನರು ಇಲ್ಲಿನ 25 ಹಾಸಿಗೆಗಳ ಆಸ್ಪತ್ರೆಯಲ್ಲಿ ವೈದ್ಯರು. ತರಬೇತಿಗೆಂದು ಜೆ-1 ವೀಸಾದಲ್ಲಿ ಬಂದ ವೈದ್ಯರು ಎರಡು ವರ್ಷ ತಾಯ್ನಾಡಿಗೆ ಮರಳಬೇಕೆಂಬ ನಿಯಮದ ವಿನಾಯಿತಿಗಾಗಿ ಹಳ್ಳಿಗಾಡಿನಲ್ಲಿ ಕೆಲಸ ಮಾಡಬೇಕಾದ ಮೂರು ವರ್ಷ ಜೂನ್ ಕೊನೆಗೆ ಮುಗಿಯುತ್ತದೆ. ಆಮೇಲೆ ಒಹಾಯೋಗೆ ಹೊರಡುತ್ತೇವೆ.

ಕೂತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರ, ದೊಡ್ಡ ಫ್ರೀಜರ್, 2009ರ ಕಾರು, ಹಿಂದಿನ ವೈದ್ಯರ ಮನೆಯವರು ಬಿಟ್ಟುಹೋಗಿದ್ದ ಮಗುವಿನ ಮರದ ಮಂಚ, 110 ವೋಲ್ಟಿನ ಒಂದು ವೆಟ್ ಗ್ರೈಂಡರ್, ಇವಿಷ್ಟನ್ನು ಮಾರಬೇಕು. ಮೊಬೈಲ್‌ನ ಮಾರಾಟ ತಾಣವೊಂದರಲ್ಲಿ ಹಾಕಿ ಮೂರು ವಾರವಾಯಿತು. "ಇನ್ನೂ ಇದೆಯೇ?" ಎಂದು ಕೇಳಿದವರು ಮತ್ತೆ ಮಾತನಾಡಲಿಲ್ಲ. ಒಬ್ಬರಂತೂ 650 ಡಾಲರಿನ ಯಂತ್ರಕ್ಕೆ 1,900 ಡಾಲರಿನ ಬ್ಯಾಂಕ್ ಚೆಕ್ ಕಳುಹಿಸುತ್ತೇನೆ, ಮಿಕ್ಕ ಹಣವನ್ನು ಸಾಗಣೆಯವನಿಗೆ ಕೊಟ್ಟುಬಿಡಿ ಎಂದರು. ಪಕ್ಕದ ಮನೆಯ ನರ್ಸ್ "ಪತ್ರಿಕೆಗೆ ಕೊಡು" ಎನ್ನುತ್ತಾರೆ. ಇಲ್ಲಿ ಗುರುವಾರಕ್ಕೊಂದು ವಾರಪತ್ರಿಕೆ ಬರುತ್ತದೆ. ಅದರಲ್ಲಿ ಏನು ಬರೆಯಬೇಕು, ಹೇಗೆ ಬರೆಯಬೇಕು ಎಂದು ಒಂದೂ ತಿಳಿಯದು.

ಡೆನ್ವರ್ ಕನ್ನಡಿಗ:

ಪತ್ರಿಕೆಗೆ ಹಣ ಹಾಕುವ ಮೊದಲು ಯೋಚಿಸಿ. 2000ರಲ್ಲಿ ಅಮೆರಿಕದ ಪತ್ರಿಕೆಗಳಿಗೆ ವರ್ಗೀಕೃತ ಜಾಹೀರಾತುಗಳಿಂದಲೇ ಸುಮಾರು 1,960 ಕೋಟಿ ಡಾಲರ್ ಬರುತ್ತಿತ್ತು. ಕ್ರೇಗ್ಸ್‌ಲಿಸ್ಟ್‌ನಂಥ ಅಂತರಜಾಲದ ಜಾಹೀರಾತು ತಾಣಗಳು ಬಂದ ಮೇಲೆ ಆ ಆದಾಯದ ಬಹುಪಾಲು ಕರಗಿಹೋಯಿತು. ಓದುಗರೇ ಅಲ್ಲಿಂದ ಎದ್ದುಹೋಗಿದ್ದಾರೆ. ಒಂದು ಶನಿವಾರ ಕಾರನ್ನು ಹತ್ತಿರದ ನಗರಕ್ಕೆ ತಂದು ವ್ಯಾಪಾರಿಗೆ ಕೊಟ್ಟುಬಿಡುವುದು ಸುಲಭ. ಆ ಚೆಕ್ಕಿನವರಿಗೆ ಮಾತ್ರ ಉತ್ತರ ಕೊಡಬೇಡಿ. ಬ್ಯಾಂಕು ಮರುದಿನವೇ ಹಣ ಜಮಾ ಮಾಡಿದರೂ ಚೆಕ್ಕು ನಕಲಿ ಎಂದು ಗೊತ್ತಾಗುವುದು ವಾರಗಳ ನಂತರ. ಆಗ ಅಷ್ಟನ್ನೂ ನಿಮ್ಮ ಖಾತೆಯಿಂದಲೇ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ.

ತಿಪಟೂರಿನವಳು:

ಡೆನ್ವರಿನ ತಮ್ಮ ಹೇಳಿದ ಲೆಕ್ಕ ದೊಡ್ಡ ಊರಿನ ಪತ್ರಿಕೆಗಳಿಗೆ ಸರಿ. ತಂಗಿ, ನಾನು ಕನ್ಸಾಸ್‌ಗೆ ಬಂದದ್ದು 1996ರಲ್ಲಿ, ನಿಮ್ಮ ಹಾಗೆಯೇ ಮೂರು ವರ್ಷಕ್ಕೆಂದು. ಇನ್ನೂ ಇಲ್ಲೇ ಇದ್ದೇನೆ. ನಮ್ಮ ಮನೆಯ ಊಟದ ಮೇಜು, ಹೊಲಿಗೆ ಯಂತ್ರ, ಹಿತ್ತಲಿನ ಹಳೆಯ ಫೋರ್ಡ್ 8ಎನ್ ಟ್ರ್ಯಾಕ್ಟರ್ ಎಲ್ಲವೂ ವಾರಪತ್ರಿಕೆಯ ಜಾಹೀರಾತಿನಿಂದ ಬಂದವು.

ಇಲ್ಲಿ ಪತ್ರಿಕೆಯನ್ನು ಓದದೆ ಇರಲಾಗುವುದಿಲ್ಲ. ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಕಾನೂನು ಪ್ರಕಟಣೆಗಳು, ತೆರಿಗೆ ಬಾಕಿ ಉಳಿದ ಜಮೀನುಗಳ ಪಟ್ಟಿ ಬರುವುದು ಅದರಲ್ಲಿಯೇ. ಜಮೀನಿರುವವರು ಸಾಲು ಬಿಡದೆ ಓದುತ್ತಾರೆ. ಹಾಗೆ ಓದುತ್ತಾ ಕೊನೆಯ ಪುಟಗಳಿಗೆ ಬಂದರೆ ಹುಲ್ಲಿನ ಉರುಳೆಗಳು, ಬಾಡಿಗೆ ಮನೆ, ನಾಯಿಮರಿ, ಹರಾಜಿನ ಪಟ್ಟಿ, ಅವುಗಳ ನಡುವೆಯೇ ಸಾವಾದ ಮನೆಯವರು ಊಟ ತಂದುಕೊಟ್ಟವರಿಗೆ, ಹೂ ಕಳುಹಿಸಿದವರಿಗೆ ಹೇಳುವ ಕೃತಜ್ಞತೆಯ ನಾಲ್ಕು ಸಾಲು. ನನಗೆ ಈ ಊರಿನ ಜನ ಪರಿಚಯವಾದದ್ದು ಆ ಪುಟದಿಂದ. ಮೊದಲ ಚಳಿಗಾಲದಲ್ಲಿ, ಯಾರೊಬ್ಬರ ಹೆಸರೂ ಬಾಯಿಗೆ ಬಾರದಿದ್ದಾಗ, ಅದನ್ನು ಪಾಠದಂತೆ ಓದುತ್ತಿದ್ದೆ.

ನನ್ನ ತಂದೆ ದನದ ಜಾತ್ರೆಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುತ್ತಿದ್ದರು. ಪಕ್ಕದಲ್ಲಿ ನಿಂತವನಿಗೂ ಬೆಲೆ ತಿಳಿಯಬಾರದು. ಇಲ್ಲಿ ತದ್ವಿರುದ್ಧ. ನೀವು ಕೇಳುವ ಬೆಲೆಯನ್ನು ಇಡೀ ಕೌಂಟಿ ಓದುತ್ತದೆ, ನಿಮ್ಮ ದೂರವಾಣಿ ಸಂಖ್ಯೆ ನೋಡಿಯೇ ಇದು ಡಾಕ್ಟರ ಮನೆಯದು ಎಂದು ಗುರುತಿಸುತ್ತದೆ. ಹಾಗಾಗಿ ಬೆಲೆಯನ್ನು ಬರೆಯಲೇಬೇಕು. ಬೆಲೆ ಇಲ್ಲದ ಜಾಹೀರಾತಿಗೆ ನಮ್ಮ ಕಡೆಯವರು ಕರೆ ಮಾಡುವುದೇ ಇಲ್ಲ. "ಓಬಿಓ" ಎಂದು ಮೂರಕ್ಷರ ಸೇರಿಸುತ್ತಾರೆ ಕೆಲವರು, ಈ ಬೆಲೆ, ಇಲ್ಲವೇ ಕೇಳಿದವರಲ್ಲಿ ಯಾರು ಹೆಚ್ಚು ಕೊಡುತ್ತಾರೋ ಅವರಿಗೆ ಎಂಬ ಅರ್ಥದಲ್ಲಿ. ಅದು ಬೇಡ. ನೂರು ಡಾಲರು ಅಲ್ಲಿಯೇ ಇಳಿಯುತ್ತದೆ.

ಬೆಲೆಗಿಂತ ಮುಖ್ಯವಾದದ್ದು ಊನ. ವಸ್ತುವಿನ ಊನವನ್ನು ಜಾಹೀರಾತಿನಲ್ಲಿಯೇ ಬರೆಯಿರಿ. ಇದನ್ನು ನಾನು ಕಲಿತದ್ದು ತಪ್ಪು ಮಾಡಿ. 2003ರಲ್ಲಿ ನಮ್ಮ ಹುಲ್ಲು ಕತ್ತರಿಸುವ ಯಂತ್ರವನ್ನು 400 ಡಾಲರಿಗೆ ಕೊಟ್ಟೆ. ಬ್ಯಾಟರಿ ಸೋತಿತ್ತು. ಮಾರುವ ದಿನ ಬೆಳಿಗ್ಗೆಯೇ ಚಾರ್ಜ್ ಮಾಡಿ ಇಟ್ಟಿದ್ದೆ, ಹೇಳಲಿಲ್ಲ. ಕೊಂಡವರು ಹನ್ನೆರಡು ಮೈಲಿ ಆಚೆಯ ರೈತರು, ದೂರು ಹೇಳಿ ಬರಲಿಲ್ಲ. ಎರಡು ತಿಂಗಳ ಮೇಲೆ ಅಂಗಡಿಯಲ್ಲಿ ಎದುರಾದಾಗ ನಾನೇ ಕೇಳಿದೆ. "ಬ್ಯಾಟರಿ ಹಾಕಿಸಿದೆ, ಈಗ ಚೆನ್ನಾಗಿದೆ" ಎಂದಷ್ಟೇ ಹೇಳಿದರು. ಮುಖ ಬಿಸಿಯಾಯಿತು. ಮರುದಿನ ಅವರ ಮನೆಗೆ ಹೋಗಿ ಬ್ಯಾಟರಿಯ ಹಣ ಕೊಟ್ಟೆ. ಬೇಡವೆನ್ನಲಿಲ್ಲ. ಎಣಿಸಿ ಜೇಬಿಗಿಟ್ಟುಕೊಂಡು "ಈಗ ಸರಿಹೋಯಿತು" ಎಂದರು. ನಮ್ಮ ಟ್ರ್ಯಾಕ್ಟರ್ ಬಂದದ್ದು ಅವರ ಷಡ್ಡಕನಿಂದ. ಅದರ ಜಾಹೀರಾತನ್ನು ಅವರೇ ಕತ್ತರಿಸಿ ತಂದುಕೊಟ್ಟಿದ್ದರು. "1951ರದು, ಸದಾ ಶೆಡ್ಡಿನಲ್ಲಿತ್ತು, ಹಿಂದಿನ ಎಡ ಟಯರಿಗೆ ವಾರಕ್ಕೊಮ್ಮೆ ಗಾಳಿ ಬೇಕು" ಎಂದಿತ್ತು. ಟಯರಿನ ಆ ಮಾತನ್ನು ಓದಿಯೇ ಉಳಿದದ್ದನ್ನೂ ನಂಬಿದೆ.

ಆದ್ದರಿಂದ ನಿಮ್ಮದನ್ನು ಹೀಗೆ ಬರೆಯಿರಿ: "ಕೂತು ಓಡಿಸುವ ಹುಲ್ಲು ಯಂತ್ರ, 42 ಅಂಗುಲ, ಬೆಲ್ಟ್ ಹೊಸದು, ಸೀಟು ಹರಿದಿದೆ, ಸದಾ ಶೆಡ್ಡಿನಲ್ಲಿತ್ತು. 650 ಡಾಲರ್. ಸಂಜೆ ಆರರ ನಂತರ ಕರೆ ಮಾಡಿ." ಅಂಗುಲ, ಬೆಲ್ಟು, ಸೀಟು ನಿಮ್ಮಲ್ಲಿ ಹೇಗಿವೆಯೋ ಹಾಗೆ ಬದಲಾಯಿಸಿಕೊಳ್ಳಿ. ಪತ್ರಿಕೆಯ ಕಚೇರಿಗೆ ನೀವೇ ಹೋಗಿ ಕೊಡಿ. ನಮ್ಮ ಊರಿನಲ್ಲಿ ಕೌಂಟರಿನ ಹಿಂದಿರುವ ಹೆಂಗಸು ಪೆನ್ಸಿಲಿನಿಂದ ಪದಗಳನ್ನು ಎಣಿಸಿ, ಬೇಡದ್ದನ್ನು ತಾನೇ ಹೊಡೆದುಹಾಕಿ ನಮ್ಮ ದುಡ್ಡು ಉಳಿಸುತ್ತಾರೆ. ಗುರುವಾರದ ಪತ್ರಿಕೆಗೆ ಸೋಮವಾರ ಮಧ್ಯಾಹ್ನದೊಳಗೆ ಕೊಡಬೇಕಾಗಬಹುದು, ವಿಚಾರಿಸಿ.

ಮೇ ತಿಂಗಳಲ್ಲೇ ಕೊಡಿ. ಜೂನ್ ನಡುವಿನಿಂದ ಗೋಧಿ ಕಟಾವು. ಆಗ ಯಾರೂ ಪತ್ರಿಕೆ ಬಿಡಿಸುವುದಿಲ್ಲ.

ಮಗುವಿನ ಮಂಚದ ಒಂದು ಬದಿ ಕೆಳಕ್ಕೆ ಜಾರುವಂಥದ್ದೇ ನೋಡಿ. ಹಾಗಿದ್ದರೆ ಮಾರಬೇಡಿ, ದಾನವೂ ಕೊಡಬೇಡಿ. ಮಕ್ಕಳು ಸಿಕ್ಕಿಕೊಂಡು ಸತ್ತದ್ದರಿಂದ 2011ರ ಜೂನ್‌ನಿಂದ ಅಂಥ ಮಂಚಗಳನ್ನು ಹಳೆಯದಾದರೂ ಮಾರುವಂತಿಲ್ಲ. ಬಿಚ್ಚಿ ಮುರಿದು ಹಾಕಿ. ಕಾರಿನ ಟೈಟಲ್ ಎಂಬ ಒಡೆತನದ ಕಾಗದಕ್ಕೆ ಸಹಿ ಹಾಕಿ ಕೊಡುವಾಗ ನಂಬರ್ ಪ್ಲೇಟನ್ನು ಬಿಚ್ಚಿಟ್ಟುಕೊಳ್ಳಿ. ಕನ್ಸಾಸ್‌ನಲ್ಲಿ ಅದು ಕಾರಿನ ಜೊತೆ ಹೋಗುವುದಿಲ್ಲ.

ಜಾರ್ಜಿಯಾದ ಅಲಸಂದೆ:

ಅಕ್ಕನ ಮಾತು ನಿಜ. ನಾನಿರುವ ದಕ್ಷಿಣ ಜಾರ್ಜಿಯಾದಲ್ಲಿ ರಾಜ್ಯದ ಕೃಷಿ ಇಲಾಖೆಯೇ 1917ರಿಂದ 'ಮಾರ್ಕೆಟ್ ಬುಲೆಟಿನ್' ಹೊರಡಿಸುತ್ತಿದೆ. ಕೋಳಿ, ಹುಲ್ಲು, ಜೇನುಪೆಟ್ಟಿಗೆ, ಬಿತ್ತನೆ ಬೀಜ, ತುಂಬಾ ಅದೇ. ಮನೆಯಲ್ಲಿ ಉಳಿಸಿಕೊಂಡು ಬಂದ ಬೀಜ ಎಂದು ಒಬ್ಬ ಅಜ್ಜಿ ಕೊಟ್ಟಿದ್ದ ಜಾಹೀರಾತಿಗೆ ಚೆಕ್ಕು ಕಳುಹಿಸಿದೆ. ಲಕೋಟೆ ಒಡೆದರೆ ನಮ್ಮ ಅಲಸಂದೆ! ಇಲ್ಲಿ ಅದನ್ನು 'ಪೀ' ಎನ್ನುತ್ತಾರೆ. ಈಗ ಏಳನೇ ಬೆಳೆ.

ಹೊರಟುನಿಂತವಳು:

ಅಕ್ಕ, ನೀವು ಹೇಳಿದಂತೆಯೇ ಮಾಡಿದೆ. ಮಂಚ ಆ ಜಾರುವ ಬಗೆಯದೇ. ಯಜಮಾನರು ನಿನ್ನೆ ಗರಗಸ ಹಿಡಿದು ಕೊಯ್ದರು. ಅದರಲ್ಲಿ ನನ್ನ ಮಗಳು ಹತ್ತು ತಿಂಗಳು ಮಲಗಿದ್ದಳು ಎಂದು ನೆನೆದರೆ ಈಗ ಕೈ ನಡುಗುತ್ತದೆ. ಗುರುವಾರ ಪತ್ರಿಕೆ ಬಂತು. ಶುಕ್ರವಾರ ಬೆಳಿಗ್ಗೆ ಆರು ಹತ್ತಕ್ಕೇ ಕರೆ: ಸಂಜೆ ಹೊಲದಲ್ಲಿರುತ್ತೇನೆ, ಕ್ಷಮಿಸಿ, ಈಗ ಬರಲೇ ಎಂದರು. ಹರಿದ ಸೀಟನ್ನು ಒಮ್ಮೆ ಮುಟ್ಟಿ ನೋಡಿ 650 ಎಣಿಸಿಕೊಟ್ಟರು. ಫ್ರೀಜರಿಗೆ ಮಾತ್ರ ಯಾರೂ ಕೇಳಿಲ್ಲ. ಬೆಲೆ ಇಳಿಸಲೇ? ಗ್ರೈಂಡರನ್ನೂ ಹಾಕಲೇ?

ತಿಪಟೂರಿನವಳು:

ಇಳಿಸಬೇಡಿ. ಎಷ್ಟು ಘನ ಅಡಿಯದು ಎಂದು ಬರೆದಿದ್ದೀರಾ? ನಿಮಗೆ ಅದು ತೆಂಗಿನತುರಿ ಇಡುವ ಪೆಟ್ಟಿಗೆ. ಇಲ್ಲಿಯವರು ಅರ್ಧ ದನದ ಮಾಂಸ ಹಿಡಿಯುತ್ತದೆಯೇ ಎಂದು ನೋಡುತ್ತಾರೆ. ಅಳತೆ ಸೇರಿಸಿ ಇನ್ನೊಂದು ವಾರ ಕೊಡಿ. ಗ್ರೈಂಡರನ್ನು ಪತ್ರಿಕೆಗೆ ಹಾಕಬೇಡಿ. ಜುಲೈನಲ್ಲಿ ಆ ಆಸ್ಪತ್ರೆಗೆ ಯಾರು ಬರುತ್ತಾರೆ ಎಂದು ಯಜಮಾನರನ್ನು ಕೇಳಿ, ಅವರ ಅಡುಗೆಮನೆಯಲ್ಲಿ ಇಟ್ಟುಹೋಗಿ.