ಸಹಾಯ ಬೇಕು: ಅನುಕೂಲಸ್ಥರ ಬಡಾವಣೆಗೆ ಮನೆ ಬದಲಿಸಬಹುದಾ?

ನಮಸ್ಕಾರ. ನಗರದಾಚೆಯ ಅನುಕೂಲಸ್ಥರ ಬಡಾವಣೆಯೊಂದಕ್ಕೆ ಹೋಗುವ ಯೋಚನೆಯಲ್ಲಿದ್ದೇವೆ. ಮಕ್ಕಳಿಗೆ 6 ಮತ್ತು 11 ವರ್ಷ. ಭಾನುವಾರ ಹೋಗಿ ನೋಡಿದೆವು. ಅಗಲ ರಸ್ತೆ, ಸಾಲು ಮರ, ಹತ್ತಿರದಲ್ಲೇ ಒಳ್ಳೆಯ ಶಾಲೆ. ಆದರೆ ಸಂಜೆ 5 ಗಂಟೆಗೆ ಪಾರ್ಕಿನ ಉಯ್ಯಾಲೆಯಲ್ಲಿ ನಮ್ಮ ಚಿಕ್ಕವಳು ಒಬ್ಬಳೇ. ಅರ್ಧ ಗಂಟೆ ಕಾದರೂ ಇನ್ನೊಂದು ಮಗು ಬರಲಿಲ್ಲ. ಗೇಟಿನ ಕಡೆಗೇ ನೋಡುತ್ತಾ ಕೂತಿದ್ದಳು. ತುಂಬಾ ಬೇಜಾರಾಯಿತು.

ಇಂಥ ಕಡೆ ಮಕ್ಕಳು ಒಟ್ಟಿಗೆ ಆಡುವುದೇ ಇಲ್ವಾ? ಅಥವಾ ಸುಮ್ನೆ ಒಂದು ದಿನ ನೋಡಿ ನಾನೇ ಹೆದರುತ್ತಿದ್ದೇನಾ?

ಕಂತಿನ ಲೆಕ್ಕ ಹಾಕಿದ್ದೇವೆ. ಮೇಂಟೆನೆನ್ಸ್, ಎರಡನೇ ಗಾಡಿ, ಶಾಲೆಯ ಮೇಲು ಖರ್ಚು ಎಷ್ಟು ಜಾಸ್ತಿ ಆಗುತ್ತದೆ? ಸಹಪಾಠಿಗಳನ್ನು ನೋಡಿ ದೊಡ್ಡವನು ಕುಗ್ಗಿದರೆ ಎಂಬ ಚಿಂತೆಯೂ ಇದೆ. ಮೊದಲು ಒಂದು ವರ್ಷ ಬಾಡಿಗೆಗೆ ಇದ್ದು ನೋಡುವುದೇ ಸರಿ ಅನಿಸುತ್ತದೆ, ಅಲ್ವಾ? ಹಾಗೆ ಹೋದವರು ದಯವಿಟ್ಟು ನಿಮ್ಮ ಅನುಭವ ಬರೆಯಿರಿ.